ಫ್ಲಾಸ್ಕಿಗೆ ಹಾಕಿದ ಪಲ್ಲಾಡಿಯಂ ಬೇರೆ, ಕೆಲಸ ಮಾಡುವ ಪಲ್ಲಾಡಿಯಂ ಬೇರೆ

ಮಾನ್ಯ ಸಂಪಾದಕರೇ,

ಪಲ್ಲಾಡಿಯಂ ವೇಗವರ್ಧಕದ ನೆರವಿನಿಂದ ಎರಡು ಇಂಗಾಲದ ಪರಮಾಣುಗಳನ್ನು ಬೆಸೆಯುವ ರಾಸಾಯನಿಕ ಕ್ರಿಯೆಗಳ ಕುರಿತು ತಮ್ಮ ವಿಜ್ಞಾನ ಪುಟದಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಇಂಥ ವಿಷಯಕ್ಕೆ ದಿನಪತ್ರಿಕೆಯೊಂದರಲ್ಲಿ ಇಷ್ಟು ಜಾಗ ಸಿಗುವುದು ಅಪರೂಪವಾದ್ದರಿಂದ ಮೊದಲು ಕೃತಜ್ಞತೆ ಹೇಳುತ್ತೇನೆ. ಆದರೆ ಲೇಖನದ ಎರಡು ಮಾತುಗಳ ಬಗ್ಗೆ ನನ್ನ ತಕರಾರಿದೆ. ವೇಗವರ್ಧಕವು ಕ್ರಿಯೆಯುದ್ದಕ್ಕೂ ತಾನು ಬದಲಾಗದೆ ಇದ್ದು ಕೊನೆಯಲ್ಲಿ ಹಾಗೆಯೇ ಹೊರಬರುತ್ತದೆ ಎಂಬುದು ಮೊದಲನೆಯದು. ಘನರೂಪದ ಪಲ್ಲಾಡಿಯಂ ವೇಗವರ್ಧಕವನ್ನು ಸೋಸಿ ತೆಗೆದು ಹಲವು ಬಾರಿ ಬಳಸಿದರೂ ಅದರ ಸಾಮರ್ಥ್ಯ ಕುಂದಲಿಲ್ಲ ಎಂಬುದು ಎರಡನೆಯದು. ಶಾಲೆಯ ಪಠ್ಯಪುಸ್ತಕದ ವ್ಯಾಖ್ಯೆಯ ಮಟ್ಟಿಗೆ ಮೊದಲ ಮಾತು ಸಲ್ಲಬಹುದು. ಪಲ್ಲಾಡಿಯಂ ವಿಷಯದಲ್ಲಿ ಮಾತ್ರ ಅದು ಓದುಗರನ್ನು ದಾರಿ ತಪ್ಪಿಸುತ್ತದೆ. ಎರಡನೆಯ ಮಾತು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಬೇಕಾದ ಮಾಹಿತಿಯೇ ಲೇಖನದಲ್ಲಿ ಇಲ್ಲ. ಈ ಕ್ರಿಯೆಗಳನ್ನು ಪಾಠ ಹೇಳುವವನೂ ಪ್ರಯೋಗಾಲಯದಲ್ಲಿ ಮಾಡಿಸುವವನೂ ಆದ ನಾನು ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆಂದಿದ್ದೇನೆ.

ಈ ಕ್ರಿಯೆಗಳ ಮಹತ್ವವನ್ನು ಲೇಖನ ಚೆನ್ನಾಗಿಯೇ ಹೇಳಿದೆ. 2010ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ರಿಚರ್ಡ್ ಹೆಕ್, ಏ-ಇಚಿ ನೆಗಿಶಿ ಮತ್ತು ಅಕಿರಾ ಸುಜುಕಿ ಅವರಿಗೆ ಸಂದದ್ದು ಇದಕ್ಕಾಗಿಯೇ. ರಕ್ತದೊತ್ತಡಕ್ಕೆ ಕೊಡುವ ಲೋಸಾರ್ಟಾನ್ ಮತ್ತು ಬೆಳೆಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬಾಸ್ಕಾಲಿಡ್ ಎರಡರ ತಯಾರಿಕೆಯಲ್ಲೂ ಎರಡು ಉಂಗುರಗಳನ್ನು ಬೋರಾನ್ ಸಂಯುಕ್ತ ಬಳಸುವ ಸುಜುಕಿ ಕ್ರಿಯೆಯಿಂದ ಬೆಸೆಯುವ ಹಂತ ಬಂದಿದೆ. 1971ರಲ್ಲಿ ಮಿಜೊರೊಕಿ, 1972ರಲ್ಲಿ ಹೆಕ್ ಪ್ರಕಟಿಸಿದ ಕ್ರಿಯೆಯಿಂದ ಹಿಡಿದು 1975ರ ಸೊನೊಗಶಿರಾ, 1977ರ ನೆಗಿಶಿ, 1978ರ ಸ್ಟಿಲ್ಲೆ, 1979ರ ಸುಜುಕಿ–ಮಿಯೌರಾ ಕ್ರಿಯೆಗಳವರೆಗೆ ಒಂದೇ ದಶಕದೊಳಗೆ ಈ ಇಡೀ ಕುಟುಂಬ ಬೆಳೆದು ನಿಂತಿತು.

ಫ್ಲಾಸ್ಕಿನೊಳಗೆ ನಡೆಯುವುದೇನು ಎಂಬುದನ್ನು ಮೊದಲು ನೋಡೋಣ. ವೇಗವರ್ಧಕ ಮತ್ತೆ ಮತ್ತೆ ಹಾದುಹೋಗುವ ಹೆಜ್ಜೆಗಳ ಚಕ್ರ ಆರಂಭವಾಗುವುದು ಶೂನ್ಯ ಉತ್ಕರ್ಷಣ ಸ್ಥಿತಿಯಲ್ಲಿರುವ, ಅಂದರೆ ಎಲೆಕ್ಟ್ರಾನ್ ಕಳೆದುಕೊಳ್ಳದ ಪಲ್ಲಾಡಿಯಂನಿಂದ. ಬೆಂಜೀನ್ ಉಂಗುರಕ್ಕೆ ಅಂಟಿಕೊಂಡ ಅಯೋಡಿನ್, ಬ್ರೋಮಿನ್ ಅಥವಾ ಕ್ಲೋರಿನ್ ಪರಮಾಣುವಿನ ಬಂಧದೊಳಗೆ ಈ ಲೋಹ ತಾನೇ ನುಗ್ಗಿ, ಒಂದು ಕೈಯಲ್ಲಿ ಇಂಗಾಲವನ್ನೂ ಇನ್ನೊಂದು ಕೈಯಲ್ಲಿ ಹ್ಯಾಲೋಜನ್ನನ್ನೂ ಹಿಡಿದುಕೊಂಡು +2 ಸ್ಥಿತಿಗೆ ಏರುತ್ತದೆ. ಪ್ರಯೋಗಾಲಯದಲ್ಲಿ ಎಲ್ಲರೂ ಆಕ್ಸಿಡೇಟಿವ್ ಅಡಿಷನ್ ಎಂದೇ ಕರೆಯುವ ಹೆಜ್ಜೆ ಇದು. ಅನಂತರ ಬೋರಾನ್, ಸತು ಅಥವಾ ತವರದ ಮೇಲೆ ಕುಳಿತಿದ್ದ ಎರಡನೆಯ ಇಂಗಾಲದ ತುಂಡು ಹ್ಯಾಲೋಜನ್ನಿನ ಜಾಗಕ್ಕೆ ಬಂದು ಪಲ್ಲಾಡಿಯಂ ಮೇಲೆ ಕೂರುತ್ತದೆ, ಇದು ಟ್ರಾನ್ಸ್‌ಮೆಟಲೇಷನ್. ಕೊನೆಗೆ ಲೋಹದ ಮೇಲೆ ಅಕ್ಕಪಕ್ಕ ಇರುವ ಎರಡು ಇಂಗಾಲಗಳು ಪರಸ್ಪರ ಬೆಸೆದುಕೊಂಡು ಹೊರಬೀಳುತ್ತವೆ, ಪಲ್ಲಾಡಿಯಂ ಮತ್ತೆ ಶೂನ್ಯ ಸ್ಥಿತಿಗೆ ಮರಳುತ್ತದೆ. ಹೆಕ್ ಕ್ರಿಯೆಯಲ್ಲಿ ಮಾತ್ರ ನಡುವಿನ ಹಾದಿ ಬೇರೆ: ಅಲ್ಲಿ ಪಲ್ಲಾಡಿಯಂಗೆ ಅಂಟಿದ ತುಂಡು ಆಲ್ಕೀನಿನ ಜೋಡಿಬಂಧಕ್ಕೆ ಸೇರಿಕೊಂಡು, ಪಕ್ಕದ ಇಂಗಾಲದ ಜಲಜನಕವನ್ನು ಲೋಹ ಕಿತ್ತುಕೊಂಡಾಗ ಹೊಸ ಆಲ್ಕೀನ್ ಬಿಡುಗಡೆಯಾಗುತ್ತದೆ, ಆ ಜಲಜನಕವನ್ನು ಪ್ರತ್ಯಾಮ್ಲ ಕೊಂಡೊಯ್ಯುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಲೋಹ ಕನಿಷ್ಠ ಮೂರು ರೂಪಗಳನ್ನು ತಾಳಿರುತ್ತದೆ ಎಂಬುದನ್ನು ಗಮನಿಸಬೇಕು. ಬದಲಾಗದೆ ಉಳಿಯುವ ಪಲ್ಲಾಡಿಯಂ ಕೆಲಸವನ್ನೇ ಮಾಡುವುದಿಲ್ಲ.

ಹ್ಯಾಲೋಜನ್ ಯಾವುದೆಂಬುದರ ಮೇಲೆ ಮೊದಲ ಹೆಜ್ಜೆಯ ಸುಲಭ-ಕಷ್ಟ ನಿಂತಿದೆ. ಬೆಂಜೀನ್ ಉಂಗುರದ ಇಂಗಾಲದೊಂದಿಗೆ ಅಯೋಡಿನ್‌ನ ಬಂಧ ಮುರಿಯಲು ಮೋಲ್ ಒಂದಕ್ಕೆ ಸುಮಾರು 270 ಕಿಲೋಜೂಲ್ ಬೇಕು, ಬ್ರೋಮಿನ್‌ಗೆ ಸುಮಾರು 340, ಕ್ಲೋರಿನ್‌ಗೆ ಸುಮಾರು 400. ಕ್ಲೋರಿನ್ ಇರುವ ಕಚ್ಚಾವಸ್ತುಗಳೇ ಅಗ್ಗವೂ ಹೇರಳವೂ ಆಗಿದ್ದರೂ ಬಹಳ ಕಾಲ ಅವು ಈ ಕ್ರಿಯೆಗೆ ಒಗ್ಗದೆ ಹೊರಗೇ ಉಳಿದದ್ದು ಇದೇ ಕಾರಣಕ್ಕೆ. ಪಲ್ಲಾಡಿಯಂಗೆ ಅಂಟಿಕೊಂಡು ಅದರ ವರ್ತನೆಯನ್ನು ತಿದ್ದುವ ಅಣುವನ್ನು, ಅಂದರೆ ಲಿಗ್ಯಾಂಡನ್ನು (ಇಲ್ಲಿ ರಂಜಕವುಳ್ಳ ಫಾಸ್ಫೀನನ್ನು) ಬದಲಾಯಿಸಿದ ಮೇಲೆ ಈ ಬಾಗಿಲು ತೆರೆಯಿತು. ಮೂರು ಟರ್ಶಿಯರಿ ಬ್ಯುಟೈಲ್ ಗುಂಪುಗಳಿರುವ ದಪ್ಪನೆಯ ಫಾಸ್ಫೀನ್‌ಗಳು, ಬುಖ್ವಾಲ್ಡ್ ಅವರ ಗುಂಪು ರೂಪಿಸಿದ ಬೈಆರಿಲ್ ಫಾಸ್ಫೀನ್‌ಗಳು, ಕಾರ್ಬೀನ್ ಲಿಗ್ಯಾಂಡ್‌ಗಳು ಇವೆಲ್ಲ ಎರಡು ಕೆಲಸ ಮಾಡುತ್ತವೆ: ಲೋಹಕ್ಕೆ ಎಲೆಕ್ಟ್ರಾನ್ ಒತ್ತಾಸೆ ಕೊಟ್ಟು ಗಟ್ಟಿ ಬಂಧದೊಳಗೆ ನುಗ್ಗಲು ಅನುವು ಮಾಡುತ್ತವೆ, ಜೊತೆಗೆ ತಮ್ಮ ಗಾತ್ರದಿಂದಲೇ ಎರಡನೆಯ ಲಿಗ್ಯಾಂಡ್ ಹತ್ತಿರ ಬರದಂತೆ ತಡೆಯುತ್ತವೆ. ಒಂದೇ ಒಂದು ಲಿಗ್ಯಾಂಡ್ ಹೊತ್ತ, ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಬಹಳ ಕೊರತೆಯಿರುವ ಪಲ್ಲಾಡಿಯಂ ಇಲ್ಲಿನ ಚುರುಕಾದ ಕೆಲಸಗಾರ. ಅದನ್ನು ಬಾಟಲಿಯಲ್ಲಿ ತುಂಬಿಟ್ಟು ಮಾರಲಾಗುವುದಿಲ್ಲ. ಅದು ಫ್ಲಾಸ್ಕಿನಲ್ಲಿ ಕ್ಷಣಕಾಲ ಹುಟ್ಟಿ ಕೆಲಸ ಮುಗಿಸುತ್ತದೆ.

ಹಾಗಾದರೆ ತಕ್ಕಡಿಯಲ್ಲಿ ನಾವು ತೂಗುವುದು ಏನನ್ನು? ಹೆಚ್ಚಿನ ಸಂದರ್ಭಗಳಲ್ಲಿ ಪಲ್ಲಾಡಿಯಂ ಅಸಿಟೇಟನ್ನು. ಅದರಲ್ಲಿರುವ ಲೋಹ +2 ಸ್ಥಿತಿಯಲ್ಲಿರುವುದರಿಂದ ಅದು ಚಕ್ರದೊಳಗೆ ನೇರವಾಗಿ ಕಾಲಿಡಲಾರದು. ಯಾರಾದರೂ ಅದಕ್ಕೆ ಎರಡು ಎಲೆಕ್ಟ್ರಾನ್ ಕೊಟ್ಟು ಶೂನ್ಯಕ್ಕೆ ಇಳಿಸಬೇಕು. ಕೇವಲ ಲಿಗ್ಯಾಂಡ್ ಆಗಿರಲಿ ಎಂದು ಸೇರಿಸಿದ ಟ್ರೈಫೀನೈಲ್ ಫಾಸ್ಫೀನೇ ಈ ಕೆಲಸಕ್ಕೆ ಬಲಿಯಾಗುತ್ತದೆ ಎಂಬುದನ್ನು ಫ್ರಾನ್ಸಿನ ಅಮಾತೋರ್ ಮತ್ತು ಜುತಾಂ ತೋರಿಸಿದರು: ಒಂದು ಪಲ್ಲಾಡಿಯಂ ಶೂನ್ಯಕ್ಕೆ ಇಳಿಯಲು ಒಂದು ಫಾಸ್ಫೀನ್ ಅಣು ಆಮ್ಲಜನಕವನ್ನು ಹೊತ್ತುಕೊಂಡು ಫಾಸ್ಫೀನ್ ಆಕ್ಸೈಡ್ ಆಗಿ ಹೋಗುತ್ತದೆ. ಅಷ್ಟೇ ಅಲ್ಲ, ಹುಟ್ಟಿದ ಶೂನ್ಯ ಪಲ್ಲಾಡಿಯಂ ಅಸಿಟೇಟ್ ಅಯಾನನ್ನು ಬಿಟ್ಟುಕೊಡದೆ ಋಣ ಆವೇಶದ ಸಂಕೀರ್ಣವಾಗಿ ಉಳಿಯುತ್ತದೆ. ಅಂದರೆ ಬಾಟಲಿಯ ಮೇಲಿನ ಹೆಸರಿಗೂ ಒಳಗೆ ದುಡಿಯುವ ಅಣುವಿಗೂ ಲೋಹದ ಸ್ಥಿತಿಯಲ್ಲಿ, ಲಿಗ್ಯಾಂಡುಗಳ ಸಂಖ್ಯೆಯಲ್ಲಿ, ಆವೇಶದಲ್ಲಿ, ಮೂರರಲ್ಲೂ ವ್ಯತ್ಯಾಸವಿದೆ. ಕಿತ್ತಳೆ-ಕಂದು ಬಣ್ಣದ ಅಸಿಟೇಟಿನ ದ್ರಾವಣಕ್ಕೆ ಫಾಸ್ಫೀನ್ ಬಿದ್ದೊಡನೆ ಹಳದಿಗೆ ತಿರುಗುವುದನ್ನೂ, ಬಿಸಿ ಏರಿದಂತೆ ಅದು ಗಾಢವಾಗುತ್ತಾ ಹೋಗುವುದನ್ನೂ ಕಂಡ ಯಾವ ವಿದ್ಯಾರ್ಥಿಯೂ ಒಳಗಿರುವುದು ತಾನು ತೂಗಿ ಹಾಕಿದ್ದೇ ಎಂದು ನಂಬಲಾರ.

ತೂಗಿ ಹಾಕಿದ್ದಾದರೂ ಶುದ್ಧವೇ ಎಂಬ ಪ್ರಶ್ನೆಯೂ ಇದೆ. ಪಲ್ಲಾಡಿಯಂ ಅಸಿಟೇಟ್ ವಾಸ್ತವದಲ್ಲಿ ಮೂರು ಲೋಹ ಪರಮಾಣುಗಳ ತ್ರಿಕ. ಅದರಲ್ಲಿ ಒಂದು ಅಸಿಟೇಟ್ ಜಾಗದಲ್ಲಿ ನೈಟ್ರೈಟ್ ಕೂತಿರುವ ಕಲ್ಮಶ ಮಾರುಕಟ್ಟೆಯ ಮಾದರಿಗಳಲ್ಲಿ ಸಿಗುತ್ತದೆ. ಇದಕ್ಕಿಂತ ಗಂಭೀರವಾದದ್ದು ಡಿಬಿಎ (ಡೈಬೆಂಜಿಲಿಡಿನ್ ಅಸಿಟೋನ್) ಎಂಬ ಲಿಗ್ಯಾಂಡ್ ಇರುವ ಶೂನ್ಯ ಪಲ್ಲಾಡಿಯಂ ಸಂಕೀರ್ಣದ ಕಥೆ. ಮಾರುಕಟ್ಟೆಯಲ್ಲಿ ದೊರೆಯುವ ಇದರ ಮಾದರಿಗಳನ್ನು ರಷ್ಯಾದ ಅನನಿಕೋವ್ ಅವರ ಗುಂಪು 2012ರಲ್ಲಿ ಪರೀಕ್ಷಿಸಿದಾಗ, ಕೆಲವದರಲ್ಲಿ ಪಲ್ಲಾಡಿಯಂನ ಶೇ 40ರವರೆಗೆ ಭಾಗ ಸಂಕೀರ್ಣವಾಗಿರದೆ 10ರಿಂದ 200 ನ್ಯಾನೋಮೀಟರ್ ಗಾತ್ರದ ಲೋಹದ ಕಣಗಳಾಗಿತ್ತು. ಶೇ ಒಂದರಷ್ಟು ವೇಗವರ್ಧಕ (ಕಚ್ಚಾವಸ್ತುವಿನ ನೂರು ಅಣುಗಳಿಗೆ ಒಂದು ಪಲ್ಲಾಡಿಯಂ ಪರಮಾಣು) ಹಾಕಿದ್ದೇನೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡವನ ಲೆಕ್ಕ ಬಾಟಲಿಯ ಮುಚ್ಚಳ ತೆರೆಯುವ ಮೊದಲೇ ತಪ್ಪಿರುತ್ತದೆ. ಒಂದು ಪ್ರಯೋಗಾಲಯದಲ್ಲಿ ಚೆನ್ನಾಗಿ ನಡೆದ ಕ್ರಿಯೆ ಇನ್ನೊಂದರಲ್ಲಿ ಕೈಕೊಟ್ಟಾಗ ವಿದ್ಯಾರ್ಥಿಯ ಕೈಗುಣವನ್ನು ದೂರುವ ಅಭ್ಯಾಸ ನಮ್ಮಲ್ಲಿದೆ. ಬಾಟಲಿಯನ್ನು ಮೊದಲು ಅನುಮಾನಿಸುವುದು ನ್ಯಾಯ ಎಂದು ನನ್ನ ಭಾವನೆ.

ಇನ್ನು ಕಪ್ಪು ಪುಡಿಯ ವಿಚಾರ. ಕ್ರಿಯೆ ನಿಂತುಹೋದ ಫ್ಲಾಸ್ಕಿನ ತಳದಲ್ಲಿ ಕಪ್ಪು ಗಸಿ ಕೂತಿರುತ್ತದೆ, ಕೆಲವೊಮ್ಮೆ ಗಾಜಿನ ಒಳಮೈಗೆ ಬೂದು ಬಣ್ಣದ ಹೊಳಪಿನ ಪದರ ಹತ್ತಿರುತ್ತದೆ. ಇದನ್ನು ಪಲ್ಲಾಡಿಯಂ ಬ್ಲ್ಯಾಕ್ ಎನ್ನುತ್ತೇವೆ. ಲಿಗ್ಯಾಂಡಿನ ಆಸರೆ ಸಾಲದಾದ ಶೂನ್ಯ ಪಲ್ಲಾಡಿಯಂ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡು, ಮೊದಲು ಕೆಲವೇ ಪರಮಾಣುಗಳ ಗುಚ್ಛವಾಗಿ, ಆಮೇಲೆ ದ್ರಾವಣದಲ್ಲಿ ತೇಲುವ ನ್ಯಾನೋಕಣವಾಗಿ, ಕಡೆಗೆ ತಳ ಸೇರುವ ಲೋಹವಾಗಿ ಬೆಳೆದ ಫಲ ಇದು. ಪ್ರತಿಯೊಂದು ಶೂನ್ಯ ಪಲ್ಲಾಡಿಯಂ ಮುಂದೆಯೂ ಎರಡು ದಾರಿಗಳಿವೆ: ಹ್ಯಾಲೋಜನ್ ಇರುವ ಅಣುವನ್ನು ಸಂಧಿಸಿ ಚಕ್ರಕ್ಕೆ ಮರಳುವುದು, ಇಲ್ಲವೇ ಇನ್ನೊಂದು ಪಲ್ಲಾಡಿಯಂ ಅನ್ನು ಸಂಧಿಸಿ ಗುಚ್ಛ ಸೇರುವುದು. ಮೊದಲ ದಾರಿಯ ವೇಗ ಪಲ್ಲಾಡಿಯಂ ಪ್ರಮಾಣಕ್ಕೆ ಸರಿಯಾಗಿ ಏರಿಳಿಯುತ್ತದೆ. ಎರಡನೆಯದಕ್ಕೆ ಕನಿಷ್ಠ ಎರಡು ಲೋಹ ಪರಮಾಣುಗಳು ಭೇಟಿಯಾಗಬೇಕಾದ್ದರಿಂದ ಅದರ ವೇಗ ಪ್ರಮಾಣದ ವರ್ಗಕ್ಕೆ ಅಥವಾ ಅದಕ್ಕೂ ಮೇಲಿನ ಘಾತಕ್ಕೆ ಏರಿಳಿಯುತ್ತದೆ. ಆದ್ದರಿಂದ ಪಲ್ಲಾಡಿಯಂ ಅನ್ನು ಹತ್ತನೇ ಒಂದಕ್ಕೆ ಇಳಿಸಿದರೆ ದುಡಿಮೆ ಹತ್ತನೇ ಒಂದಾದರೂ ಗುಚ್ಛ ಕಟ್ಟುವಿಕೆ ನೂರನೇ ಒಂದಕ್ಕೆ ಬೀಳುತ್ತದೆ.

ಈ ಸರಳ ಲೆಕ್ಕದಿಂದ ಹೊರಡುವ ಫಲಿತಾಂಶ ಮೊದಲ ಬಾರಿ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಯಾವ ಫಾಸ್ಫೀನೂ ಇಲ್ಲದೆ, ಬರೀ ಪಲ್ಲಾಡಿಯಂ ಅಸಿಟೇಟನ್ನು ಹಾಕಿ ಬ್ರೋಮಿನ್ ಇರುವ ಕಚ್ಚಾವಸ್ತುವಿನ ಮೇಲೆ ಹೆಕ್ ಕ್ರಿಯೆ ನಡೆಸುವಾಗ, ಶೇ ಒಂದರ ಪ್ರಮಾಣದಲ್ಲಿ ಹಾಕಿದರೆ ಕಪ್ಪು ಪುಡಿ ಬೀಳುತ್ತದೆ; ಶೇ 0.01ರಿಂದ 0.1ರ ನಡುವೆ ಹಾಕಿದರೆ ಕ್ರಿಯೆ ಸಲೀಸಾಗಿ ಸಾಗುತ್ತದೆ. ಡಿ ವ್ರೀಸ್ ಮತ್ತು ರೀಟ್ಜ್ ಅವರ ಗುಂಪುಗಳು ಸ್ಪಷ್ಟಪಡಿಸಿದ ಈ ನಡವಳಿಕೆಯಲ್ಲಿ ನ್ಯಾನೋಕಣಗಳು ಒಂದು ಬಗೆಯ ಉಗ್ರಾಣ: ಹ್ಯಾಲೋಜನ್ ಇರುವ ಅಣುಗಳು ಕಣದ ಮೇಲ್ಮೈಯಿಂದ ಲೋಹದ ಪರಮಾಣುಗಳನ್ನು ಕಿತ್ತು ದ್ರಾವಣಕ್ಕೆ ತರುತ್ತವೆ, ಅಲ್ಲಿ ಅವು ಸುತ್ತು ಹಾಕುತ್ತವೆ, ಕೆಲಸ ಮುಗಿದವು ಮತ್ತೆ ಕಣಕ್ಕೆ ಅಂಟುತ್ತವೆ. ಹೆಚ್ಚು ವೇಗವರ್ಧಕ ಹಾಕಿದರೆ ಹೆಚ್ಚು ವೇಗ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ, ಮತ್ತು ದುಬಾರಿ ಲೋಹವೊಂದರ ವಿಷಯದಲ್ಲಿ ಇದು ಚಿಕ್ಕ ಮಾತಲ್ಲ.

ವಿಜ್ಞಾನಿಗಳೂ ಈ ಹಾದಿಯಲ್ಲಿ ಎಡವಿ ತಿದ್ದಿಕೊಂಡಿದ್ದಾರೆ. 1995ರಲ್ಲಿ ಹೆರ್ಮನ್ ಮತ್ತು ಬೆಲ್ಲರ್ ಒಂದು ಪಲ್ಲಾಡಾಸೈಕಲ್, ಅಂದರೆ ಉಂಗುರದೊಳಗೆ ಲೋಹವನ್ನು ಬಿಗಿಯಾಗಿ ಹಿಡಿದಿಟ್ಟ ಸಂಯುಕ್ತವನ್ನು ಪ್ರಕಟಿಸಿದರು. ಅತಿ ಕಡಿಮೆ ಪ್ರಮಾಣದಲ್ಲಿ, ಅತಿ ಹೆಚ್ಚಿನ ಉಷ್ಣತೆಯಲ್ಲೂ ಅದು ಸೊಗಸಾಗಿ ಕೆಲಸ ಮಾಡಿತು. ಲೋಹ ಅಷ್ಟು ಬಿಗಿಯಾಗಿ ಕಟ್ಟಿಸಿಕೊಂಡಿರುವುದರಿಂದ ಅದು ಶೂನ್ಯಕ್ಕೆ ಇಳಿಯದೆ +2 ಮತ್ತು +4ರ ನಡುವೆ ಓಡಾಡುತ್ತಿರಬಹುದು ಎಂಬ ವಾದ ಆಗ ಹುಟ್ಟಿತು. ಮುಂದಿನ ವರ್ಷಗಳ ಕೆಲಸದಿಂದ ತಿಳಿದದ್ದು ಬೇರೆಯೇ: ಆ ಸುಂದರ ಉಂಗುರ ಬಿಸಿಯಲ್ಲಿ ಮೆಲ್ಲಗೆ ಒಡೆದು ಶೂನ್ಯ ಪಲ್ಲಾಡಿಯಂ ಅನ್ನು ಹನಿಹನಿಯಾಗಿ ಬಿಡುತ್ತಿತ್ತು. ಅದರ ಯಶಸ್ಸಿನ ಗುಟ್ಟು ಇದ್ದದ್ದು ಈ ನಿಧಾನದ ಬಿಡುಗಡೆಯಲ್ಲಿ. ಯಾವ ಕ್ಷಣದಲ್ಲೂ ದ್ರಾವಣದಲ್ಲಿ ಗುಚ್ಛ ಕಟ್ಟುವಷ್ಟು ಲೋಹ ಸೇರುತ್ತಿರಲಿಲ್ಲ.

ಈಗ ತಮ್ಮ ಲೇಖನದ ಎರಡನೆಯ ಮಾತಿಗೆ ಬರುತ್ತೇನೆ. ಇದ್ದಿಲಿನ ಮೇಲೆ, ಸಿಲಿಕಾದ ಮೇಲೆ ಅಥವಾ ಪಾಲಿಮರಿನ ಮೇಲೆ ಪಲ್ಲಾಡಿಯಂ ಅನ್ನು ಕೂರಿಸಿ, ಕ್ರಿಯೆ ಮುಗಿದ ಮೇಲೆ ಸೋಸಿ ತೆಗೆದು ಮತ್ತೆ ಬಳಸುವ ಪ್ರಯತ್ನ ಶ್ಲಾಘನೀಯ. ಆದರೆ ಘನದ ಮೇಲ್ಮೈಯಲ್ಲೇ ಕ್ರಿಯೆ ನಡೆಯಿತು ಎಂದು ಹೇಳಲು ಸೋಸಿದ ದ್ರಾವಣದಲ್ಲಿ ಪಲ್ಲಾಡಿಯಂ ಇರಲಿಲ್ಲ ಎಂಬ ಆಧಾರ ಸಾಲದು. ಜರ್ಮನಿಯ ಕೋಲರ್ ಅವರ ಗುಂಪು ಇದ್ದಿಲಿನ ಮೇಲಿನ ಪಲ್ಲಾಡಿಯಂ ಬಳಸಿ ಹೆಕ್ ಕ್ರಿಯೆ ನಡೆಸುತ್ತಾ, ನಡುನಡುವೆ ದ್ರಾವಣದ ಮಾದರಿ ತೆಗೆದು ಅದರಲ್ಲಿ ಕರಗಿದ ಲೋಹವನ್ನು ಅಳೆಯಿತು. ಕ್ರಿಯೆ ಬಿರುಸಾಗಿ ನಡೆಯುವಾಗ ಪಲ್ಲಾಡಿಯಂ ಗಣನೀಯವಾಗಿ ಕರಗಿ ದ್ರಾವಣಕ್ಕೆ ಬಂದಿರುತ್ತದೆ, ಕ್ರಿಯೆಯ ವೇಗ ಕರಗಿದ ಲೋಹದ ಪ್ರಮಾಣದೊಂದಿಗೇ ಹೊಂದಿಕೊಂಡು ನಡೆಯುತ್ತದೆ, ಕಚ್ಚಾವಸ್ತು ಮುಗಿಯುತ್ತಿದ್ದಂತೆ ಲೋಹ ಮರಳಿ ಇದ್ದಿಲಿನ ಮೇಲೆ ಕೂರುತ್ತದೆ. ಎಲ್ಲ ಮುಗಿದು ತಣ್ಣಗಾದ ಮೇಲೆ ಸೋಸಿದವರಿಗೆ ತಿಳಿಯಾದ ದ್ರಾವಣ ಸಿಗುವುದು ಸಹಜ. ಅದಕ್ಕಾಗಿಯೇ ಬಿಸಿ ಸೋಸುವಿಕೆ ಎಂಬ ಪರೀಕ್ಷೆಯನ್ನು ಕ್ರಿಯೆ ಅರ್ಧ ದಾರಿಯಲ್ಲಿರುವಾಗ, ಕ್ರಿಯೆಯದೇ ಉಷ್ಣತೆಯಲ್ಲಿ ಮಾಡಬೇಕು. ಘನವನ್ನು ತೆಗೆದ ಮೇಲೂ ದ್ರಾವಣದಲ್ಲಿ ಕ್ರಿಯೆ ಮುಂದುವರಿದರೆ ಕೆಲಸಗಾರ ಎಲ್ಲಿದ್ದಾನೆಂದು ತಿಳಿಯುತ್ತದೆ. ಸೋಸುವಾಗ ಉಷ್ಣತೆ ಕೊಂಚ ಇಳಿದರೂ ಲೋಹ ಮತ್ತೆ ಘನಕ್ಕೆ ಅಂಟಿಬಿಡಬಹುದಾದ್ದರಿಂದ, ಮುಂದುವರಿಯಲಿಲ್ಲ ಎಂಬ ಉತ್ತರವನ್ನೂ ಎಚ್ಚರಿಕೆಯಿಂದಲೇ ನಂಬಬೇಕು.

ಸಾಮರ್ಥ್ಯ ಕುಂದಲಿಲ್ಲ ಎಂಬ ಮಾತಿನಲ್ಲಿ ಇನ್ನೂ ದೊಡ್ಡ ತೊಡಕಿದೆ, ಮತ್ತು ಪ್ರಕಟವಾಗುವ ಸಂಶೋಧನಾ ಪ್ರಬಂಧಗಳಲ್ಲೂ ಇದು ಮೇಲಿಂದ ಮೇಲೆ ಕಾಣಿಸುವುದರಿಂದ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಹೊಸ ವೇಗವರ್ಧಕದ ಮೊದಲ ಬಳಕೆಯಲ್ಲಿ ಕ್ರಿಯೆ 20 ನಿಮಿಷಕ್ಕೇ ಮುಗಿಯುತ್ತದೆ, ಐದನೆಯ ಬಳಕೆಯಲ್ಲಿ ಮುಗಿಯಲು 5 ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ವೇಗ ಹದಿನೈದು ಪಟ್ಟು ಕುಸಿದಿದೆ. ಆದರೆ ಪ್ರಯೋಗ ಮಾಡುವವರು ಪ್ರತಿ ಬಾರಿಯೂ 12 ಗಂಟೆ ಬಿಸಿ ಮಾಡಿ ಕೊನೆಯ ಇಳುವರಿಯನ್ನಷ್ಟೇ ಅಳೆದರೆ, ಎರಡೂ ಬಾರಿ ಒಂದೇ ಅಂಕಿ ಸಿಗುತ್ತದೆ, ಪಟ್ಟಿಯಲ್ಲಿ ಒಂದೇ ಎತ್ತರದ ಕಂಬಗಳು ಸಾಲಾಗಿ ನಿಲ್ಲುತ್ತವೆ, ವೇಗವರ್ಧಕಕ್ಕೆ ಆಯಾಸವೇ ಇಲ್ಲವೆಂಬ ತೀರ್ಮಾನ ಹೊರಬೀಳುತ್ತದೆ. ಮರುಬಳಕೆಯ ಮಾತು ಹೇಳುವವರು ಪ್ರತಿ ಸುತ್ತಿನ ಆರಂಭದ ವೇಗವನ್ನು, ಅಥವಾ ಕಡೇಪಕ್ಷ ಕ್ರಿಯೆ ಅರ್ಧದಷ್ಟು ಆಗಿರುವಾಗಿನ ಇಳುವರಿಯನ್ನು ತೋರಿಸಬೇಕು. ತಮ್ಮ ಲೇಖನದಲ್ಲಿ ಕೊಟ್ಟಿರುವುದು ಕೊನೆಯ ಇಳುವರಿಗಳು ಮಾತ್ರ. ಆ ವೇಗವರ್ಧಕ ಕುಂದಿದೆ ಎಂದು ನಾನು ಹೇಳುತ್ತಿಲ್ಲ. ಕುಂದಿದೆಯೋ ಇಲ್ಲವೋ ಎಂಬುದನ್ನು ಆ ಅಂಕಿಗಳಿಂದ ತಿಳಿಯಲಾಗದು ಎನ್ನುತ್ತಿದ್ದೇನೆ.

ಲೋಹದ ಕಣವೋ ಕರಗಿದ ಅಣುವೋ ಎಂದು ಪತ್ತೆಹಚ್ಚಲು ಪಾದರಸದ ಹನಿಯನ್ನು ಸೇರಿಸುವ ಹಳೆಯ ವಿಧಾನವನ್ನೂ ಲೇಖನ ಪ್ರಸ್ತಾಪಿಸಿದೆ. ಪಾದರಸ ಲೋಹದ ಕಣಗಳನ್ನು ಮಿಶ್ರಲೋಹವಾಗಿ ನುಂಗಿಬಿಡುತ್ತದೆ, ಕರಗಿದ ಸಂಕೀರ್ಣವನ್ನು ಮುಟ್ಟುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಪಲ್ಲಾಡಿಯಂನ ಅನೇಕ ಕರಗಿದ ಸಂಕೀರ್ಣಗಳು, ಪಲ್ಲಾಡಾಸೈಕಲ್‌ಗಳೂ ಸೇರಿದಂತೆ, ಪಾದರಸದೊಂದಿಗೆ ನೇರವಾಗಿ ವರ್ತಿಸುತ್ತವೆ ಎಂಬುದು ಈಚಿನ ವರ್ಷಗಳಲ್ಲಿ ಸಾಬೀತಾಗಿರುವುದರಿಂದ ಈ ಪರೀಕ್ಷೆಯನ್ನು ಒಂಟಿಯಾಗಿ ನಂಬುವ ಕಾಲ ಮುಗಿದಿದೆ.

ರೂಪ ಯಾವುದಾದರೇನು, ಬಂಧ ಬೆಸೆದರೆ ಸಾಕಲ್ಲವೇ ಎಂದು ಓದುಗರು ಕೇಳಬಹುದು. ಸಾಲದು, ಏಕೆಂದರೆ ಬಂಧ ಎಲ್ಲಿ ಬೆಸೆಯುತ್ತದೆ ಎಂಬುದನ್ನೂ ಲೋಹದ ರೂಪವೇ ನಿರ್ಧರಿಸಬಹುದು. ಒಂದು ನೈಟ್ರೋಜನ್ ಇರುವ ಆರು ಪರಮಾಣುಗಳ ಪಿರಿಡಿನ್ ಉಂಗುರದ 2ನೆಯ ಮತ್ತು 4ನೆಯ ಜಾಗಗಳಲ್ಲಿ ಒಂದೊಂದು ಬ್ರೋಮಿನ್ ಇರುವ ಅಣುವನ್ನು ತೆಗೆದುಕೊಳ್ಳಿ. ಒಂದೇ ಪರಮಾಣುವಿನ ಪಲ್ಲಾಡಿಯಂ ಸಂಕೀರ್ಣ ಸಾಮಾನ್ಯವಾಗಿ ನೈಟ್ರೋಜನ್ ಪಕ್ಕದ 2ನೆಯ ಜಾಗವನ್ನು ಆರಿಸಿಕೊಳ್ಳುತ್ತದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಫೇರ್‌ಲ್ಯಾಂಬ್ ಅವರ ಗುಂಪು ತೋರಿಸಿದಂತೆ, ಮೂರು ಪಲ್ಲಾಡಿಯಂ ಪರಮಾಣುಗಳ ಗುಚ್ಛವಾಗಲಿ ನ್ಯಾನೋಕಣವಾಗಲಿ ಕೆಲಸಕ್ಕಿಳಿದಾಗ ಒಲವು 4ನೆಯ ಜಾಗದತ್ತ ವಾಲುತ್ತದೆ. ಪಲ್ಲಾಡಿಯಂ ಅಸಿಟೇಟಿಗೆ ಎಷ್ಟು ಪಾಲು ಟ್ರೈಫೀನೈಲ್ ಫಾಸ್ಫೀನ್ ಸೇರಿಸಿದ್ದೇವೆ ಎಂಬ ಸಣ್ಣ ವಿವರ ಯಾವ ರೂಪ ಹುಟ್ಟುತ್ತದೆ ಎಂಬುದನ್ನು ಬದಲಿಸಬಲ್ಲದು. ಔಷಧ ತಯಾರಿಸುವವರಿಗೆ 2ನೆಯ ಜಾಗದ ಸಂಯುಕ್ತಕ್ಕೂ 4ನೆಯ ಜಾಗದ ಸಂಯುಕ್ತಕ್ಕೂ ಇರುವ ಅಂತರ ಮದ್ದಿಗೂ ಕಸಕ್ಕೂ ಇರುವ ಅಂತರ.

ಇದೇ ಸಂದರ್ಭದಲ್ಲಿ ಲೋಹವೇ ಬೇಕಿಲ್ಲ ಎಂಬ ಹೇಳಿಕೆಗಳ ಬಗ್ಗೆಯೂ ಬರೆಯಬೇಕು, ಏಕೆಂದರೆ ಸುದ್ದಿಮನೆಗಳಿಗೆ ಅವು ಬಹಳ ಆಕರ್ಷಕವಾಗಿ ಕಾಣುತ್ತವೆ. 2003ರಲ್ಲಿ ಲೆಡ್‌ಬೀಟರ್ ಅವರ ಗುಂಪು, ನೀರಿನಲ್ಲಿ ಸೋಡಿಯಂ ಕಾರ್ಬೊನೇಟ್ ಹಾಕಿ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಯಾವ ಲೋಹವೂ ಇಲ್ಲದೆ ಸುಜುಕಿ ಬಗೆಯ ಕ್ರಿಯೆ ನಡೆಯುತ್ತದೆ ಎಂದು ವರದಿ ಮಾಡಿತು. ಅದೇ ಗುಂಪು ಅಷ್ಟಕ್ಕೇ ಬಿಡದೆ ಹುಡುಕಾಟ ಮುಂದುವರಿಸಿ 2005ರಲ್ಲಿ ಕಾರಣವನ್ನು ತಾನೇ ಪ್ರಕಟಿಸಿತು: ಅಂಗಡಿಯಿಂದ ಬಂದ ಸೋಡಿಯಂ ಕಾರ್ಬೊನೇಟಿನಲ್ಲಿ ಶತಕೋಟಿಗೆ 50 ಪಾಲಿನಷ್ಟು ಪಲ್ಲಾಡಿಯಂ ಕಲ್ಮಶವಾಗಿ ಇತ್ತು. ಈ ಪ್ರಮಾಣ ಎಷ್ಟು ಅಲ್ಪ ಎನಿಸಿದರೂ, ಲೆಕ್ಕ ಹಾಕಿದರೆ ಒಂದು ಗ್ರಾಂ ಕಾರ್ಬೊನೇಟಿನಲ್ಲಿ ಸುಮಾರು 2.8 ಕೋಟಿ ಕೋಟಿ ಪಲ್ಲಾಡಿಯಂ ಪರಮಾಣುಗಳಿರುತ್ತವೆ, ಮತ್ತು ಅವುಗಳಲ್ಲಿ ಪ್ರತಿಯೊಂದೂ ಲೆಕ್ಕವಿಲ್ಲದಷ್ಟು ಸುತ್ತು ದುಡಿಯಬಲ್ಲದು. ತಮ್ಮ ಹೇಳಿಕೆಯನ್ನು ತಾವೇ ಕೂಲಂಕಷವಾಗಿ ಪರೀಕ್ಷಿಸಿ ತಿದ್ದಿದ ಆ ಪ್ರಾಮಾಣಿಕತೆಯನ್ನು ನಾನು ತರಗತಿಯಲ್ಲಿ ಗೌರವದಿಂದ ಉದಾಹರಿಸುತ್ತೇನೆ. ಇಷ್ಟೆಲ್ಲ ಗೊತ್ತಿದ್ದೂ 2021ರಲ್ಲಿ, ಲೋಹದ ಬದಲು ಒಂದು ಅಮೈನ್ ಸಂಯುಕ್ತವೇ ಸುಜುಕಿ ಕ್ರಿಯೆಯನ್ನು ನಡೆಸುತ್ತದೆ ಎಂಬ ಪ್ರಬಂಧ ನೇಚರ್ ಕ್ಯಾಟಲಿಸಿಸ್ ಪತ್ರಿಕೆಯಲ್ಲಿ ಬಂದಿತು. ಆ ಅಮೈನನ್ನು ತಯಾರಿಸುವಾಗ ಬಳಸಿದ್ದ ಪಲ್ಲಾಡಿಯಂನ ಶೇಷ ಅದರೊಳಗೇ ಉಳಿದಿತ್ತು ಎಂಬುದನ್ನು ಬೇರೆ ಬೇರೆ ಗುಂಪುಗಳು ತೋರಿಸಿಕೊಟ್ಟ ಮೇಲೆ ಪ್ರಬಂಧವನ್ನು ಹಿಂಪಡೆಯಲಾಯಿತು. ಪ್ರಬಂಧ ಬಂದಾಗ ಎದ್ದ ಸದ್ದು ಅದನ್ನು ಹಿಂಪಡೆದಾಗ ಸಾಮಾನ್ಯ ಓದುಗರ ಕಿವಿಗೆ ಬಿದ್ದಂತಿಲ್ಲ.

ಅಲ್ಪ ಪ್ರಮಾಣದ ಲೋಹ ಎಲ್ಲಿ ಅಡಗುತ್ತದೆ ಎಂಬ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ರೋಗಿಯ ದೇಹದ ಬಳಿ. ಅಣುಭಾರ 400 ಇರುವ ಔಷಧವೊಂದರ ಕೊನೆಯ ಹಂತದಲ್ಲಿ ಶೇ ಒಂದು ಮೋಲ್ ಪ್ರಮಾಣದ ಪಲ್ಲಾಡಿಯಂ ಬಳಸಿದ್ದೇವೆ, ಅಷ್ಟೂ ಲೋಹ ಉತ್ಪನ್ನದಲ್ಲೇ ಉಳಿಯಿತು ಎಂದುಕೊಳ್ಳಿ. ಆಗ ಔಷಧದ ಪ್ರತಿ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 2,660 ಪಾಲು ಪಲ್ಲಾಡಿಯಂ ಇರುತ್ತದೆ. ಔಷಧಗಳಲ್ಲಿನ ಲೋಹ ಕಲ್ಮಶಗಳ ಬಗೆಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ3ಡಿ ಪ್ರಕಾರ, ಬಾಯಿಯ ಮೂಲಕ ತೆಗೆದುಕೊಳ್ಳುವ ಔಷಧದಿಂದ ದೇಹಕ್ಕೆ ದಿನಕ್ಕೆ 100 ಮೈಕ್ರೋಗ್ರಾಂ ಪಲ್ಲಾಡಿಯಂ ಮೀರಬಾರದು, ಚುಚ್ಚುಮದ್ದಾದರೆ 10 ಮೈಕ್ರೋಗ್ರಾಂ. ದಿನಕ್ಕೆ 10 ಗ್ರಾಂ ಔಷಧ ಸೇವಿಸುವವರನ್ನು ಲೆಕ್ಕಕ್ಕೆ ಹಿಡಿದರೆ ಬಾಯಿಯ ಔಷಧಕ್ಕೆ ಇದು ಹತ್ತು ಲಕ್ಷಕ್ಕೆ 10 ಪಾಲು. ಅಂದರೆ ಉಳಿದ ಲೋಹದ ಶೇ 99.6ಕ್ಕೂ ಹೆಚ್ಚು ಭಾಗವನ್ನು ತೆಗೆಯಬೇಕು. ಇದ್ದಿಲಿನಲ್ಲಿ ಸೋಸುವುದು, ಗಂಧಕವುಳ್ಳ ಥಯಾಲ್ ಗುಂಪು ಹೊತ್ತ ಸಿಲಿಕಾದಲ್ಲಿ ಹಿಡಿದಿಡುವುದು ಮುಂತಾದ ಉಪಾಯಗಳಿವೆ. ಆದರೆ ಯಾವ ಉಪಾಯ ಫಲಿಸುತ್ತದೆ ಎಂಬುದೂ ಲೋಹ ಯಾವ ರೂಪದಲ್ಲಿದೆ ಎಂಬುದರ ಮೇಲೆಯೇ ನಿಂತಿದೆ: ಕಣವಾಗಿದ್ದರೆ ಸೋಸುಕಕ್ಕೆ ಸಿಕ್ಕೀತು, ಔಷಧದ ಅಣುವಿನ ನೈಟ್ರೋಜನ್ನಿಗೋ ಗಂಧಕಕ್ಕೋ ಕಟ್ಟಿಕೊಂಡು ಕರಗಿದ್ದರೆ ಅದನ್ನು ಬಿಡಿಸಲು ಅದಕ್ಕಿಂತ ಬಲವಾದ ಹಿಡಿತ ಬೇಕು.

ಇವೆಲ್ಲವನ್ನೂ ಒಂದು ಅರ್ಧ ಪುಟದ ಲೇಖನದಲ್ಲಿ ಹೇಳಬೇಕಿತ್ತು ಎಂದು ನಾನು ಬಯಸುವುದಿಲ್ಲ. ವೇಗವರ್ಧಕ ಬದಲಾಗದೆ ಉಳಿಯುತ್ತದೆ ಎಂಬ ವಾಕ್ಯದ ಜಾಗದಲ್ಲಿ, ಅದು ಪ್ರತಿ ಸುತ್ತಿನಲ್ಲೂ ಬದಲಾಗಿ ಮರಳಿ ರೂಪುಗೊಳ್ಳುತ್ತದೆ, ಕೆಲವು ಪರಮಾಣುಗಳು ಆ ಸುತ್ತಿನಿಂದ ಜಾರಿ ಲೋಹದ ಗುಚ್ಛ ಸೇರುತ್ತವೆ ಎಂದು ಬರೆದಿದ್ದರೆ ಸಾಕಾಗಿತ್ತು. ವಾಕ್ಯ ಉದ್ದವಾಗುತ್ತಿರಲಿಲ್ಲ, ಸುಳ್ಳೂ ಆಗುತ್ತಿರಲಿಲ್ಲ. ಇಂಥ ಸಂಶೋಧನೆಗಳನ್ನು ಮುಂದೆ ವರದಿ ಮಾಡುವಾಗ ಸಂಶೋಧಕರನ್ನು ಮೂರು ವಿಷಯ ಕೇಳುವಂತೆ ತಮ್ಮ ವರದಿಗಾರರಿಗೆ ತಿಳಿಸಬೇಕೆಂದು ಕೋರುತ್ತೇನೆ. ಕ್ರಿಯೆ ನಡೆಯುತ್ತಿರುವಾಗಲೇ ದ್ರಾವಣದಲ್ಲಿ ಕರಗಿದ ಪಲ್ಲಾಡಿಯಂ ಅನ್ನು ಅಳೆದಿದ್ದಾರೆಯೇ? ಮರುಬಳಕೆಯ ಪ್ರತಿ ಸುತ್ತಿನಲ್ಲಿ ಆರಂಭದ ವೇಗ ಎಷ್ಟಿತ್ತು? ಲೋಹವಿಲ್ಲ ಎಂದು ಹೇಳುವುದಾದರೆ ಪ್ರತ್ಯಾಮ್ಲ, ದ್ರಾವಕ, ಗಾಜಿನ ಪಾತ್ರೆ, ಕಲಕುವ ಕಾಂತದ ಕಡ್ಡಿ ಇವುಗಳಲ್ಲಿ ಅಂಟಿಕೊಂಡಿರಬಹುದಾದ ಪಲ್ಲಾಡಿಯಂ ಅನ್ನು ಹುಡುಕಿದ್ದಾರೆಯೇ? ಒಮ್ಮೆ ಪಲ್ಲಾಡಿಯಂ ಕ್ರಿಯೆಗೆ ಬಳಸಿದ ಕಡ್ಡಿಯ ಮೇಲಿನ ಬಿಳಿ ಟೆಫ್ಲಾನ್ ಪದರದಲ್ಲಿ ಕಪ್ಪು ಚುಕ್ಕೆಗಳು ಉಳಿಯುವುದನ್ನು, ಎಷ್ಟು ತೊಳೆದರೂ ಅವು ಹೋಗದಿರುವುದನ್ನು ಯಾವ ಪ್ರಯೋಗಾಲಯದಲ್ಲಿ ಬೇಕಾದರೂ ನೋಡಬಹುದು; ಮುಂದಿನ ಪ್ರಯೋಗಕ್ಕೆ ಅದೇ ಕಡ್ಡಿಯನ್ನು ಹಾಕಿದರೆ ಅಲ್ಲಿ ಲೋಹವಿರಲಿಲ್ಲ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು.

ಇಂತಿ,
ತಮ್ಮ ವಿಶ್ವಾಸಿ,
ಸಾವಯವ ರಸಾಯನ ವಿಜ್ಞಾನದ ಒಬ್ಬ ಅಧ್ಯಾಪಕ